ಕಣದಲ್ಲಿ ಕಾಫಿ, ಫೋನಿನಲ್ಲಿ ಒಟಿಪಿ: ಬಿಸಿನೆಸ್ ಪದವಿಗೆ ಅರ್ಜಿ ಹಾಕುವ ಕೊಡಗಿನ ಮಕ್ಕಳಿಗೆ

(ಗೋಣಿಕೊಪ್ಪಲಿನಲ್ಲಿ ಪಿಯು ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಪರೀಕ್ಷೆ ಬರೆಯುವುದು ಮಕ್ಕಳಾದರೂ ಇವತ್ತಿನ ಮಾತು ಅರ್ಧಕ್ಕರ್ಧ ಅಪ್ಪ ಅಮ್ಮಂದಿರಿಗೇ.

ಮೊದಲು ಒಂದು ತಕರಾರು. ದೊಡ್ಡ ಬಿಸಿನೆಸ್ ಕಾಲೇಜುಗಳ ಅರ್ಜಿ ಕ್ಯಾಲೆಂಡರ್ ಮಾಡಿದವರು ಯಾರೂ ಕಾಫಿ ತೋಟ ನೋಡಿದವರಲ್ಲ. ಹುತ್ತರಿ ಹಬ್ಬ ಮುಗಿದು ಅರೇಬಿಕಾ ಕಾಫಿಯ ಕೊಯ್ಲು ಜೋರಾಗುವ ಹೊತ್ತಿಗೆ ಒಂದೊಂದೇ ಅರ್ಜಿ ಶುರುವಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಮನೆ ಮಂದಿಯೆಲ್ಲ ರೊಬಸ್ಟಾ ಕಾಫಿಯ ಹಿಂದೆ. ಆಗಲೇ ಫಾರಂ ತುಂಬಬೇಕು, ಫೋಟೊ ಅಪ್‌ಲೋಡ್ ಆಗಬೇಕು, ಫೀಸ್ ಕಟ್ಟಬೇಕು. ಆಧಾರ್‌ಗೆ ಲಿಂಕ್ ಆಗಿರುವ ನಂಬರ್ ಅಪ್ಪನದು. ಅಪ್ಪ ಕಣದಲ್ಲಿ ಕಾಫಿ ಹರಡಿಸುತ್ತಾ ಇರುತ್ತಾರೆ, ಫೋನು ಜೀಪಿನಲ್ಲಿ. ಒಟಿಪಿ ಬಂದು ಹೋಗಿರುತ್ತದೆ. ಮಾರ್ಚಿನಲ್ಲಿ ದ್ವಿತೀಯ ಪಿಯು ಪರೀಕ್ಷೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಅದೇ ಹೊತ್ತಿಗೆ ಸ್ಪ್ರಿಂಕ್ಲರ್ ಗಲಾಟೆ. ಮೇ ತಿಂಗಳಲ್ಲಿ ಪ್ರವೇಶ ಪರೀಕ್ಷೆ. ಸೀಟು ಒಪ್ಪಿಕೊಳ್ಳಿ ಅಂತ ಮೆಸೇಜ್ ಬರುವ ಹೊತ್ತಿಗೆ ಜೋರು ಮಳೆ, ಕರೆಂಟ್ ಇಲ್ಲ, ಟವರ್ ಇಲ್ಲ.

ಕ್ಯಾಲೆಂಡರ್ ಬದಲಿಸುವುದು ನಮ್ಮ ಕೈಲಿಲ್ಲ. ಆದ್ದರಿಂದ ಮಳೆಗಾಲದಲ್ಲೇ, ತೋಟದ ಕೆಲಸ ಸ್ವಲ್ಪ ಕಮ್ಮಿ ಇರುವಾಗಲೇ, ಕಾಗದ ಪತ್ರ ಜೋಡಿಸಿ ಇಟ್ಟುಕೊಳ್ಳಿ. ಮಕ್ಕಳ ಹೆಸರಿನಲ್ಲೇ ಒಂದು ಸಿಮ್, ಒಂದು ಇಮೇಲ್ ಇರಲಿ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಆಧಾರ್‌ನಲ್ಲೂ ಹಾಗೇ ಇದೆಯಾ ನೋಡಿ. ಕೊಡಗಿನಲ್ಲಿ ಮನೆ ಹೆಸರಿನದೇ ಒಂದು ದೊಡ್ಡ ಕಥೆ. ಒಂದರಲ್ಲಿ ಮನೆ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮತ್ತೊಂದರಲ್ಲಿ ಅಪ್ಪನ ಹೆಸರು ಕೊನೆಗೆ. ಕಂಪ್ಯೂಟರಿಗೆ ಇವರು ಮೂರು ಬೇರೆ ಬೇರೆ ಜನ. ಇದನ್ನು ಸರಿ ಮಾಡಿಸಲು ವಾರಗಟ್ಟಲೆ ಹಿಡಿಯುತ್ತದೆ.

ಇನ್ನು ಯಾವ ಯಾವ ಬಾಗಿಲುಗಳಿವೆ ಅಂತ ಬೇಗ ಹೇಳಿ ಮುಂದೆ ಹೋಗುತ್ತೇನೆ. ಪಿಯು ಮುಗಿಸಿ ನೇರವಾಗಿ ಐಐಎಂಗೆ, ಅಂದರೆ ಕೇಂದ್ರದ ಮ್ಯಾನೇಜ್‌ಮೆಂಟ್ ಸಂಸ್ಥೆಗೆ, ಹೋಗಬಹುದು ಅನ್ನುವುದು ಇಲ್ಲಿ ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ. ಐಐಎಂ ಇಂದೋರ್ 2011ರಲ್ಲೇ ಪದವಿ, ಎಂಬಿಎ ಎರಡೂ ಸೇರಿದ 5 ವರ್ಷದ ಐಪಿಎಂ ಕೋರ್ಸ್ ಶುರು ಮಾಡಿತು. ಅದರ ಪ್ರವೇಶ ಪರೀಕ್ಷೆ ಐಪಿಮ್ಯಾಟ್. ಆಮೇಲೆ ರೋಹ್ಟಕ್, ರಾಂಚಿ ಬಂದವು. ಜಮ್ಮು ಮತ್ತು ಬೋಧ್‌ಗಯಾಕ್ಕೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಜಿಪ್‌ಮ್ಯಾಟ್ ಪರೀಕ್ಷೆ ಇದೆ. ನಮಗೆ ಹತ್ತಿರದ್ದು ಬೇಕು ಅಂದರೆ ಐಐಎಂ ಕೋಳಿಕ್ಕೋಡ್ 2025ರಲ್ಲಿ ಕೊಚ್ಚಿ ಕ್ಯಾಂಪಸ್‌ನಲ್ಲಿ 4 ವರ್ಷದ ಬಿಎಂಎಸ್ (ಮ್ಯಾನೇಜ್‌ಮೆಂಟ್ ಪದವಿ) ಶುರು ಮಾಡಿದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿಎಂಎಸ್, ಬಿಬಿಎ, ಬಿಸಿನೆಸ್ ಎಕನಾಮಿಕ್ಸ್ ಇವೆ. 2022ರಿಂದ ಅಲ್ಲಿಗೆ ಸಿಯುಇಟಿ, ಅಂದರೆ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ, ಮೂಲಕ ಪ್ರವೇಶ. ಶಹೀದ್ ಸುಖದೇವ್ ಕಾಲೇಜ್ ಆಫ್ ಬಿಸಿನೆಸ್ ಸ್ಟಡೀಸ್ ಅಂತ ಒಂದು ಕಾಲೇಜಿದೆ, ಈ ಕೋರ್ಸುಗಳಿಗೆ ಅದೇ ದೊಡ್ಡ ಹೆಸರು. ಬೆಂಗಳೂರಿನ ಕ್ರೈಸ್ಟ್, ಮುಂಬೈಯ ಎನ್‌ಎಂಐಎಂಎಸ್, ಪುಣೆಯ ಸಿಂಬಯಾಸಿಸ್ ತಮ್ಮದೇ ಪರೀಕ್ಷೆ ಮಾಡುತ್ತವೆ. ಒಂದು ಮಗು ಎಲ್ಲದಕ್ಕೂ ಅರ್ಜಿ ಹಾಕುವುದು ಬೇಡ. ಒಂದೊಂದಕ್ಕೂ ಸಾವಿರಗಟ್ಟಲೆ ಅರ್ಜಿ ಫೀಸ್ ಕೊಟ್ಟು, ಯಾವುದಕ್ಕೂ ಸರಿಯಾಗಿ ಓದದೆ ಹೋದವರನ್ನು ನೋಡಿದ್ದೇನೆ. ಮೂರು ಸಾಕು, ನಾಲ್ಕು ಜಾಸ್ತಿ.

ಈಗ ಎಸ್‌ಎಸ್‌ಎಲ್‌ಸಿ ಓದುತ್ತಿರುವ ತಮ್ಮ, ತಂಗಿ ಇರುವವರು ಕೇಳಿಸಿಕೊಳ್ಳಿ. ಗಣಿತ ಬಿಡಬೇಡಿ. ಕಾಮರ್ಸ್ ತಗೊಂಡರೆ ಗಣಿತ ಇಲ್ಲ ಅಂತ ಖುಷಿಯಿಂದ ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಸೇರುವವರೇ ಜಾಸ್ತಿ. ದೆಹಲಿಯ ಆ ಕೋರ್ಸುಗಳಿಗೆ ಸಿಯುಇಟಿಯಲ್ಲಿ ಒಂದು ಭಾಷೆ, ಗಣಿತ ಮತ್ತು ಜನರಲ್ ಟೆಸ್ಟ್ ಬರೆಯಬೇಕು. 12ರಲ್ಲಿ ಓದಿದ ವಿಷಯವನ್ನೇ ಬರೆಯಬೇಕು ಅನ್ನುವುದು ಆ ವಿಶ್ವವಿದ್ಯಾಲಯದ ನಿಯಮ. ಅಂದರೆ 16ನೇ ವಯಸ್ಸಿನಲ್ಲಿ ಬಿಟ್ಟ ಗಣಿತ 18ನೇ ವಯಸ್ಸಿನಲ್ಲಿ ಬಾಗಿಲು ಹಾಕುತ್ತದೆ. ಇನ್ನೊಂದು ಮಾತು: ನಮ್ಮ ಬೋರ್ಡಿನಲ್ಲಿ ಬೇಸಿಕ್ ಮ್ಯಾಥ್ಸ್ ಬೇರೆ, ಮ್ಯಾಥಮ್ಯಾಟಿಕ್ಸ್ ಬೇರೆ. ಬೇಸಿಕ್ ಮ್ಯಾಥ್ಸ್ ನಡೆಯುತ್ತದಾ ಅಂತ ಆಯಾ ಕಾಲೇಜಿನ ಮಾಹಿತಿ ಪುಸ್ತಕ ನೋಡಿಯೇ ಸೇರಿ. ಪಕ್ಕದ ಮನೆಯವರ ಮಾತು ಕೇಳಿ ಸೇರಬೇಡಿ.

ಐಪಿಮ್ಯಾಟ್‌ಗೆ 12ರಲ್ಲಿ ಗಣಿತ ಇರಲೇಬೇಕು ಅಂತಿಲ್ಲ. ಆದರೆ ಪರೀಕ್ಷೆಯ ಮೂರು ಭಾಗದಲ್ಲಿ ಎರಡು ಗಣಿತವೇ! ಇಂದೋರ್‌ನದು ಹೀಗಿದೆ: ಒಂದೊಂದು ಭಾಗಕ್ಕೆ 40 ನಿಮಿಷ, ಮುಗಿದ ಭಾಗಕ್ಕೆ ವಾಪಸ್ ಹೋಗುವಂತಿಲ್ಲ. ಒಂದು ಭಾಗದಲ್ಲಿ ಆಯ್ಕೆಗಳೇ ಇರುವುದಿಲ್ಲ, ಉತ್ತರದ ಸಂಖ್ಯೆ ನೀವೇ ಟೈಪ್ ಮಾಡಬೇಕು. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ನಮ್ಮ ಮಕ್ಕಳು ಅದನ್ನೇ ನೋಡಿ ಹೆದರಿ ಖಾಲಿ ಬಿಟ್ಟು ಬರುತ್ತಾರೆ. ಪಿಯು ಪರೀಕ್ಷೆ ಪೂರ್ತಿ ಬರೆದು ಅಭ್ಯಾಸ. ಇಲ್ಲಿ ಪೂರ್ತಿ ಬರೆಯುವವರು ಕಮ್ಮಿ. ಯಾವ ಪ್ರಶ್ನೆ ಬಿಡಬೇಕು ಅಂತ ಬೇಗ ತೀರ್ಮಾನಿಸಲು ಬರಬೇಕು.

2023ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಕೊಡಗು ರಾಜ್ಯಕ್ಕೆ 3ನೇ ಸ್ಥಾನದಲ್ಲಿತ್ತು. ನಮ್ಮ ಮಕ್ಕಳಿಗೆ ಓದುವುದು ಗೊತ್ತಿಲ್ಲ ಅಂತಲ್ಲ. ಆದರೆ ದೆಹಲಿಯಲ್ಲಿ ಬೋರ್ಡ್ ಅಂಕ ಅರ್ಹತೆಗೆ ಮತ್ತು ಅಂಕ ಸಮ ಬಂದಾಗ ಮಾತ್ರ. ಸೀಟು ಕೊಡುವುದು ಸಿಯುಇಟಿ ಅಂಕ. ಅದನ್ನು ಕನ್ನಡದಲ್ಲೂ ಬರೆಯಬಹುದು, 13 ಭಾಷೆಗಳಲ್ಲಿ ಇದೆ. ಹಾಗಂತ ಸುಮ್ನೆ ಕನ್ನಡ ಆಯ್ಕೆ ಮಾಡಬೇಡಿ. ಇಂಗ್ಲಿಷ್ ಮೀಡಿಯಂನಲ್ಲಿ ಗಣಿತ ಓದಿದವರಿಗೆ 'ಸಂಭವನೀಯತೆ', 'ಅವಕಲನ' ಅಂತ ನೋಡಿದರೆ ಕೈಕಾಲು ಬಿಟ್ಟು ಹೋಗುತ್ತದೆ. ಕನ್ನಡದಲ್ಲೇ ಓದಿದವರು ಧೈರ್ಯವಾಗಿ ತಗೊಳ್ಳಿ.

ಸರಿ. ನಾನು ಬಂದದ್ದು ಇದನ್ನೆಲ್ಲ ಹೇಳಲಿಕ್ಕಲ್ಲ. ಇದು ಯಾರು ಬೇಕಾದರೂ ಹೇಳುತ್ತಾರೆ.

ನಾನು ಕಾಮರ್ಸ್ ಕಲಿಸಿದವನು. ಈಗ ನಮ್ಮ ಕಡೆಯ ಮಕ್ಕಳಿಗೆ ಕಾಲೇಜು ಪ್ರವೇಶದ ಇಂಟರ್‌ವ್ಯೂ ಅಭ್ಯಾಸ ಆಗಲಿ ಅಂತ ಮಾಕ್ ಇಂಟರ್‌ವ್ಯೂ ಮಾಡಿಸುತ್ತೇನೆ. ಸಿದ್ದಾಪುರದ ಕಡೆಯ ಒಬ್ಬ ಹುಡುಗ ಬಂದಿದ್ದ. ಟೈ ಕಟ್ಟಿಕೊಂಡು, ಶೂ ಹೊಳೆಯುತ್ತಾ. ಒಳ್ಳೆ ಹುಡುಗ.

"ಮನೆಯಲ್ಲಿ ಏನು ಮಾಡುತ್ತಾರೆ?"

"ಅಗ್ರಿಕಲ್ಚರ್ ಸರ್."

"ಏನು ಬೆಳೆ?"

"ಕಾಫಿ, ಪೆಪ್ಪರ್."

"ಈ ಸಲ ಕಾಫಿ ಯಾವಾಗ ಮಾರಿದಿರಿ? ಏನು ರೇಟಿಗೆ?"

"ಅದು ಅಪ್ಪಂಗೆ ಗೊತ್ತು ಸರ್."

"ಆಗಲಿ. ನಿನಗೆ ಬಿಸಿನೆಸ್ ಯಾಕೆ ಇಷ್ಟ?"

ಆಗ ನೋಡಿ, ಮುಖ ಅರಳಿತು. ಇಲಾನ್ ಮಸ್ಕ್ ಟೆಸ್ಲಾ ಹೇಗೆ ಕಟ್ಟಿದ, ಬ್ಯಾಟರಿ ಬೆಲೆ ಹೇಗೆ ಇಳಿಯಿತು, ಎಲ್ಲ ಹೇಳಿದ. ಚೆನ್ನಾಗಿಯೇ ಹೇಳಿದ. ತೊಂದರೆ ಏನು ಅಂದರೆ, ಅದೇ ದಿನ ಅದೇ ಕೋಣೆಯಲ್ಲಿ ಅದನ್ನೇ ಹೇಳುವ ಇನ್ನೂ ಹತ್ತು ಮಕ್ಕಳು ಇರುತ್ತಾರೆ. ಲಕ್ನೋದವನೂ ಅದನ್ನೇ ಹೇಳುತ್ತಾನೆ, ಸೂರತ್‌ನವಳೂ ಅದನ್ನೇ ಹೇಳುತ್ತಾಳೆ. ಸಿದ್ದಾಪುರದವನು ಮಾತ್ರ ಹೇಳಬಹುದಾದದ್ದು ಅವನ ಮನೆಯ ಕಣದಲ್ಲಿ ಬಿದ್ದಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಅವನಿಗೆ ಒಂದು ಕೆಲಸ ಕೊಟ್ಟೆ. ಅಪ್ಪನ ಲೆಕ್ಕದ ಪುಸ್ತಕ ಕೇಳಿ ತಗೋ, ಒಂದು ಕೊಯ್ಲಿನ ಲೆಕ್ಕ ಪೂರ್ತಿ ನೀನೇ ಬರಿ ಅಂದೆ. ಅಪ್ಪ ಮೊದಲು ಕೊಡಲಿಲ್ಲವಂತೆ. 'ಓದೋ ಹುಡುಗನಿಗೆ ಇದೆಲ್ಲ ಯಾಕೆ' ಅಂದರಂತೆ. ಆಮೇಲೆ ಕೊಟ್ಟರು. ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ತಂದ. ಯಾವ ದಿನ ಎಷ್ಟು ಕೆಜಿ ಹಣ್ಣು, ಕೊಯ್ಲು ಕೂಲಿ ಎಷ್ಟು, ಒಣಗಿದ ಮೇಲೆ ಎಷ್ಟು ಚೀಲ. ವ್ಯಾಪಾರಿ ಔಟ್‌ಟರ್ನ್ ಎಷ್ಟು ತೆಗೆದ, ಅಂದರೆ 50 ಕೆಜಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಸುಲಿದಾಗ ಬೀಜ ಎಷ್ಟು ಸಿಕ್ಕಿತು. ತೇವ ಜಾಸ್ತಿ ಅಂತ ಎಷ್ಟು ಮುರಿದ. ಪುಟದ ಕೆಳಗೆ ಪೆನ್ಸಿಲಿನಲ್ಲಿ ಅವನೇ ಒಂದು ಪ್ರಶ್ನೆ ಬರೆದುಕೊಂಡಿದ್ದ: 'ಅಪ್ಪ ಫೆಬ್ರವರಿಯಲ್ಲೇ ಯಾಕೆ ಮಾರಿದರು? ಆಗಸ್ಟ್‌ವರೆಗೆ ಯಾಕೆ ಇಡಲಿಲ್ಲ?'

ಬಿಸಿನೆಸ್ ಕಾಲೇಜಿನವರು ಕೇಳಲು ಕಾಯುತ್ತಿರುವ ಪ್ರಶ್ನೆ ಇದೇ. ಬನ್ನಿ, ಅದನ್ನು ಇಲ್ಲೇ ಬಿಡಿಸೋಣ. ಲೆಕ್ಕ ಸುಲಭ ಆಗಲಿ ಅಂತ ಅಂಕಿ ನಾನೇ ಹಾಕುತ್ತೇನೆ. 100 ಚೀಲ ಚೆರಿ, ಚೀಲಕ್ಕೆ 10,000 ರೂಪಾಯಿ. ಈಗ ಮಾರಿದರೆ ಕೈಗೆ 10 ಲಕ್ಷ. ಮಾರದೆ 6 ತಿಂಗಳು ಗೋದಾಮಿನಲ್ಲಿ ಇಟ್ಟರೆ ಆ 10 ಲಕ್ಷದ ಸಾಲ ಬ್ಯಾಂಕಿನಲ್ಲಿ ಹಾಗೇ ಉಳಿಯುತ್ತದೆ. ವರ್ಷಕ್ಕೆ 9% ಬಡ್ಡಿ ಅಂದರೆ 45,000. ಒಣಗಿ, ಇಲಿ ತಿಂದು, 2% ತೂಕ ಹೋಯಿತು ಅನ್ನಿ, ಉಳಿಯುವುದು 98 ಚೀಲ. ಆ 98 ಚೀಲದಿಂದ 10,45,000 ಬರಬೇಕಾದರೆ ಚೀಲಕ್ಕೆ ಸುಮಾರು 10,660 ಸಿಗಬೇಕು. ಅಂದರೆ ರೇಟು 660 ರೂಪಾಯಿ ಏರಿದರೂ ಅಪ್ಪನಿಗೆ ಒಂದು ಪೈಸೆ ಲಾಭ ಇಲ್ಲ, ಬರೀ ಅಸಲು. ಅದರ ಮೇಲೆ ಏರಿದರೆ ಲಾಭ. ಏರುತ್ತದೆ ಅಂತ ಯಾರಿಗೆ ಗೊತ್ತು? ಜೊತೆಗೆ ಕೂಲಿಯವರಿಗೆ ಫೆಬ್ರವರಿಯಲ್ಲೇ ದುಡ್ಡು ಕೊಡಬೇಕು. ಮಗನ ಫೀಸ್ ಜುಲೈಯಲ್ಲಿ ಕಟ್ಟಬೇಕು. ಪುಸ್ತಕದಲ್ಲಿ ಇದಕ್ಕೆ ವರ್ಕಿಂಗ್ ಕ್ಯಾಪಿಟಲ್, ಹೋಲ್ಡಿಂಗ್ ಕಾಸ್ಟ್, ರಿಸ್ಕ್ ಅಂತೆಲ್ಲ ಹೆಸರಿದೆ. ಅಪ್ಪ ಆ ಹೆಸರುಗಳಿಲ್ಲದೆಯೇ ಇದನ್ನು ಪ್ರತಿ ವರ್ಷ ಮಾಡುತ್ತಾರೆ. ಮಗ ಪಕ್ಕದಲ್ಲೇ ಇದ್ದು ನೋಡಿಲ್ಲ ಅಷ್ಟೇ.

ಇಲ್ಲಿಂದ ಎಷ್ಟು ದೂರ ಬೇಕಾದರೂ ಹೋಗಬಹುದು. ನಮ್ಮ ರೊಬಸ್ಟಾ ರೇಟು ಗೋಣಿಕೊಪ್ಪದಲ್ಲಿ ಹುಟ್ಟುವುದಲ್ಲ. ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ ಇಷ್ಟು ಡಾಲರ್ ಅಂತ ತೀರ್ಮಾನ ಆಗುತ್ತದೆ. ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ. ವಿಯೆಟ್ನಾಂನಲ್ಲಿ ಮಳೆ ಕಮ್ಮಿಯಾಗಿ ಬೆಳೆ ಕೈಕೊಟ್ಟರೆ ಪಾಲಿಬೆಟ್ಟದಲ್ಲಿ ಹೊಸ ಜೀಪು ಬರುತ್ತದೆ. 2024ರಲ್ಲಿ ಹಾಗೇ ಆಯಿತು ಅಲ್ವಾ? ರೊಬಸ್ಟಾ ಚೆರಿ ಚೀಲಕ್ಕೆ 10,000 ದಾಟಿತು. ಕೆಲವೇ ವರ್ಷದ ಹಿಂದೆ ಅದರ ಅರ್ಧವೂ ಇರಲಿಲ್ಲ. ಇನ್ನೂ ಹಿಂದೆ ಹೋದರೆ, ನಿಮ್ಮ ಅಜ್ಜಂದಿರು ಕಾಫಿಯನ್ನು ತಮಗೆ ಬೇಕಾದವರಿಗೆ ಮಾರುವಂತೆಯೇ ಇರಲಿಲ್ಲ. ಎಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಒಟ್ಟು ದಾಸ್ತಾನಿಗೆ, ಹೋಗಬೇಕಿತ್ತು. 1990ರ ದಶಕದಲ್ಲಿ ಹಂತ ಹಂತವಾಗಿ ಬಿಟ್ಟರು, 1996ಕ್ಕೆ ಪೂರ್ತಿ ಬಿಡುಗಡೆ. ಆ ಬದಲಾವಣೆ ನಿಮ್ಮ ಮನೆಯಲ್ಲಿ ಏನು ಮಾಡಿತು ಅಂತ ಅಜ್ಜನನ್ನು ಕೇಳಿ. ಒಂದು ಸಂಜೆ ಪೂರ್ತಿ ಹೇಳುತ್ತಾರೆ. ಉದಾರೀಕರಣದ ಬಗ್ಗೆ ಇಂಟರ್‌ವ್ಯೂನಲ್ಲಿ ಪ್ರಶ್ನೆ ಬಂದರೆ ಉಳಿದವರು 1991, ಮನಮೋಹನ್ ಸಿಂಗ್ ಅನ್ನುತ್ತಾರೆ. ನೀವು ಅಜ್ಜನ ಪೂಲಿನ ಕಥೆ ಹೇಳಬಹುದು.

ಈಗಿನದೂ ಇದೆ. ಯುರೋಪ್ ಒಕ್ಕೂಟ 2023ರಲ್ಲಿ ಒಂದು ನಿಯಮ ತಂದಿತು. 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ತೋಟ ಎಲ್ಲಿದೆ ಅಂತ ನಕ್ಷೆಯ ಗುರುತು ಕೊಡಬೇಕು. ಜಾರಿ ಮುಂದೆ ಹೋಗುತ್ತಲೇ ಇದೆ, ಆದರೆ ನಿಯಮ ಇದೆ. ನಮ್ಮ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುವುದು, ಅದರಲ್ಲೂ ಇಟಲಿ ದೊಡ್ಡ ಗಿರಾಕಿ. ನಮ್ಮದು ನೆರಳಿನಲ್ಲಿ ಬೆಳೆಯುವ ಕಾಫಿ. ಈ ನಿಯಮ ನಮಗೆ ಲಾಭವಾ, ತಲೆನೋವಾ? ದೊಡ್ಡ ಎಸ್ಟೇಟಿಗೆ ಒಂದು ಉತ್ತರ, 3 ಎಕರೆಯವರಿಗೆ ಇನ್ನೊಂದು ಉತ್ತರ. ಇದರ ಬಗ್ಗೆ ಹತ್ತು ನಿಮಿಷ ಯೋಚನೆ ಮಾಡಿದ ಮಗುವನ್ನು ಇಂಟರ್‌ವ್ಯೂ ಮಾಡುವವರು ಬೇಗ ಮರೆಯುವುದಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬರ ಮುಖ ನೋಡುತ್ತಿದ್ದೇನೆ. 'ನಮಗೆ ತೋಟ ಇಲ್ಲವಲ್ಲ' ಅನ್ನುವ ಮುಖ. ತೋಟದ ಮಾಲೀಕರ ಮಕ್ಕಳ ಬಗ್ಗೆ ಮಾತ್ರ ನಾನು ಮಾತಾಡುತ್ತಿಲ್ಲ. ತೋಟದ ಕೂಲಿಯವರ ಲೈನ್ ಮನೆಯಿಂದ ಬಂದ ಒಬ್ಬ ಹುಡುಗಿ ಅರ್ಜಿಗೆ ಬರೆದ ಬರಹ ನೋಡಿದ್ದೆ. ಮೊದಲು ಬರೆದು ತಂದಿದ್ದು 'ಫ್ರಮ್ ಮೈ ಚೈಲ್ಡ್‌ಹುಡ್ ಐ ಆಮ್ ಪ್ಯಾಶನೇಟ್ ಅಬೌಟ್ ಬಿಸಿನೆಸ್' ಅಂತ. ಯಾರೋ ಬರೆದುಕೊಟ್ಟದ್ದು, ಬಹುಶಃ ಯಾವುದೋ ಎಐ. ಅದನ್ನು ಪಕ್ಕಕ್ಕಿಟ್ಟು, ನಿಮ್ಮ ಅಮ್ಮನ ಒಂದು ದಿನ ಹೇಳಮ್ಮ ಅಂದೆ. ಅವಳು ಹೇಳಿದ್ದು ಹೀಗೆ. ಕೆಜಿ ಲೆಕ್ಕದಲ್ಲಿ ಕೊಯ್ಯುವಾಗ ಅಮ್ಮ ಬೆಳಿಗ್ಗೆ ಬೇಗ ಹೋಗುತ್ತಾರೆ, ಮಧ್ಯಾಹ್ನ ಊಟಕ್ಕೂ ಕೂರುವುದಿಲ್ಲ. ಕಾಯಿ, ಹಣ್ಣು ಅಂತ ನೋಡದೆ ಬಾಚುತ್ತಾರೆ. ದಿನಗೂಲಿ ಲೆಕ್ಕದಲ್ಲಾದರೆ ಹಣ್ಣನ್ನೇ ಆರಿಸುತ್ತಾರೆ, ಆದರೆ ನಿಧಾನ. ಮೇಸ್ತ್ರಿ ಎರಡಕ್ಕೂ ಬೈಯುತ್ತಾನೆ! ಹುಡುಗಿ ಕೇಳಿದ ಪ್ರಶ್ನೆ: ಹಣ್ಣು ಮಾತ್ರ ಕೊಯ್ದರೆ ಕೆಜಿಗೆ ಸ್ವಲ್ಪ ಜಾಸ್ತಿ ಕೊಡುವ ಹಾಗೆ ಮಾಡಬಹುದಲ್ವಾ ಸರ್? ಆದರೆ ಬುಟ್ಟಿಯಲ್ಲಿ ಕಾಯಿ ಎಷ್ಟಿದೆ ಅಂತ ನೋಡುವವರು ಯಾರು, ಅವರಿಗೆ ಸಂಬಳ ಯಾರು ಕೊಡುತ್ತಾರೆ?

ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಈ ಪ್ರಶ್ನೆ ಇಟ್ಟುಕೊಂಡೇ ವರ್ಷಗಟ್ಟಲೆ ಕೆಲಸ ಮಾಡುತ್ತಾರೆ. ಹುಡುಗಿ ಅದನ್ನೇ ತನ್ನ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ವಾಕ್ಯದಲ್ಲಿ ಬರೆದಳು. ವ್ಯಾಕರಣ ನಾನು ಒಂದೆರಡು ಕಡೆ ತಿದ್ದಿದೆ, ಮಾತು ಮುಟ್ಟಲಿಲ್ಲ.

ಹೋಮ್‌ಸ್ಟೇ ಇರುವವರು, ಕುಶಾಲನಗರದಲ್ಲಿ ಅಂಗಡಿ ಇರುವವರು, ಆಟೊ ಓಡಿಸುವವರು, ಹಂದಿ ಸಾಕುವವರು, ಎಲ್ಲರ ಮನೆಯಲ್ಲೂ ಇಂಥದ್ದು ಇದೆ. ಶನಿವಾರ ರೂಮು ಸಿಗುವುದಿಲ್ಲ, ಮಂಗಳವಾರ ಒಬ್ಬರೂ ಬರುವುದಿಲ್ಲ. ಆನ್‌ಲೈನ್ ಬುಕಿಂಗ್ ಕಂಪನಿ ಕಮಿಷನ್ ಹಿಡಿದ ಮೇಲೆ ಮಂಗಳವಾರ ಎಷ್ಟಕ್ಕೆ ಕೊಟ್ಟರೆ ನಷ್ಟ ಇಲ್ಲ? ಲೆಕ್ಕ ಮಾಡಿ ನೋಡಿ. ಅಮ್ಮನಿಗೂ ಉಪಯೋಗಕ್ಕೆ ಬರುತ್ತದೆ.

ಹೊರದೇಶಕ್ಕೆ ಅರ್ಜಿ ಹಾಕುವವರು ಇಲ್ಲಿ ಕಮ್ಮಿ ಇರಬಹುದು, ಆದರೂ ಒಂದು ಮಾತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರಾಸ್ ಬಿಸಿನೆಸ್ ಸ್ಕೂಲ್ ಅರ್ಜಿಯ ಜೊತೆ ಒಂದು ಪೋರ್ಟ್‌ಫೋಲಿಯೊ ಕೇಳುತ್ತದೆ. ಒಂದು ವ್ಯಾಪಾರದ ಸಮಸ್ಯೆಗೆ ನಿಮ್ಮ ಉತ್ತರ ಬರೆಯಬೇಕು, ಜೊತೆಗೆ ನೀವು ಕೈಯಾರೆ ಮಾಡಿ ಕಲಿತ ಏನಾದರೂ ಒಂದರ ಸಾಕ್ಷಿ ಕೊಡಬೇಕು. ಆ ಸಿದ್ದಾಪುರದ ಹುಡುಗನ ನೋಟ್‌ಬುಕ್ಕಿನ ಪುಟದ ಫೋಟೊ ಅಲ್ಲಿಗೆ ಸಲ್ಲುತ್ತದೆ. ಸರ್ಟಿಫಿಕೇಟುಗಳ ಕಟ್ಟು ಅಷ್ಟಾಗಿ ಸಲ್ಲುವುದಿಲ್ಲ. ಎರಡು ದಿನದ ಆನ್‌ಲೈನ್ 'ಲೀಡರ್‌ಶಿಪ್' ಕೋರ್ಸಿಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುವುದನ್ನು ದಯವಿಟ್ಟು ನಿಲ್ಲಿಸಿ. ನೋಡುವವರಿಗೆ ಅದರ ಬೆಲೆ ಗೊತ್ತು.

ಹಾಕಿ ಆಡುವವರು ಹಾಕಿ ಬಗ್ಗೆ ಬರೆಯುತ್ತೀರಿ. ಬರೆಯಿರಿ. ಆದರೆ 'ಹಾಕಿ ನನಗೆ ಟೀಮ್‌ವರ್ಕ್ ಕಲಿಸಿತು' ಅಂತ ಬೇಡ. ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಹಬ್ಬ 1997ರಿಂದ ನಡೆಯುತ್ತಿದೆ, ಪ್ರತಿ ವರ್ಷ ಒಂದೊಂದು ಕುಟುಂಬ ಹೊತ್ತುಕೊಂಡು ನಡೆಸುತ್ತದೆ. ನಿಮ್ಮ ಕುಟುಂಬ ನಡೆಸಿದ್ದರೆ ದುಡ್ಡು ಎಲ್ಲಿಂದ ಬಂತು, ಮೈದಾನ, ಊಟ, ಅಂಪೈರ್ ಇದನ್ನೆಲ್ಲ ಯಾರು ನೋಡಿಕೊಂಡರು, ಅದರಲ್ಲಿ ನಿಮ್ಮ ಪಾಲು ಏನಿತ್ತು ಅಂತ ಬರೆಯಿರಿ. ಸ್ಕೋರ್ ಬೋರ್ಡ್ ಬರೆಯುತ್ತಿದ್ದೆ ಅಂದರೆ ಅದನ್ನೇ ಬರೆಯಿರಿ.

ಈಗ ಕಾಗದದ ವಿಷಯ. ನಿದ್ದೆ ಬರುತ್ತದೆ ಅಂತ ಗೊತ್ತು, ಆದರೆ ಅಪ್ಪಂದಿರು ಎಚ್ಚರ ಇರಿ.

ಕೇಂದ್ರದ ಕಾಲೇಜುಗಳಲ್ಲಿ ನಡೆಯುವುದು ಕೇಂದ್ರದ ಮೀಸಲಾತಿ: ಪರಿಶಿಷ್ಟ ಜಾತಿ 15%, ಪರಿಶಿಷ್ಟ ಪಂಗಡ 7.5%, ಒಬಿಸಿ (ಇತರ ಹಿಂದುಳಿದ ವರ್ಗ) 27%, ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರು) 10%. ನಮ್ಮ ನಾಡಕಚೇರಿಯ 2ಎ, 3ಎ, 3ಬಿ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ. ಮೊದಲು ಆ ಪಟ್ಟಿ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ ಒಬಿಸಿ ಸರ್ಟಿಫಿಕೇಟ್ ಕೇಳಿ ಮಾಡಿಸಿ.

ಕಾಫಿಯವರಿಗೆ ಇಲ್ಲೊಂದು ವಿಚಿತ್ರ ಇದೆ. ಒಬಿಸಿಯಲ್ಲಿ ಕ್ರೀಮಿ ಲೇಯರ್ (ಅನುಕೂಲಸ್ಥರು ಅಂತ ಮೀಸಲಾತಿಯಿಂದ ಹೊರಗಿಡುವವರು) ನೋಡುವಾಗ ಕೃಷಿ ಆದಾಯ ಲೆಕ್ಕಕ್ಕೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಭತ್ತದ ಗದ್ದೆಗೆ ನಿಜ. ಆದರೆ 1993ರ ಕೇಂದ್ರದ ಆದೇಶದಲ್ಲಿ ಕಾಫಿ, ಟೀ, ರಬ್ಬರ್ ತೋಟಗಳನ್ನು ಬೇರೆ ಇಟ್ಟಿದ್ದಾರೆ. ಅವಕ್ಕೆ ಆದಾಯದ ಮಿತಿ ಅನ್ವಯ ಆಗುತ್ತದೆ. 2017ರಿಂದ ಆ ಮಿತಿ ವರ್ಷಕ್ಕೆ 8 ಲಕ್ಷ, ಸತತ 3 ವರ್ಷದ ಆದಾಯ ನೋಡುತ್ತಾರೆ. ಅದೇ ಆದೇಶದಲ್ಲಿ ಮಾವು, ಕಿತ್ತಳೆ ಜಾತಿಯ ಹಣ್ಣು, ಸೇಬಿನ ತೋಟಗಳನ್ನು ಸಾಮಾನ್ಯ ಕೃಷಿ ಜಮೀನು ಅಂತಲೇ ಲೆಕ್ಕ ಹಾಕಿದ್ದಾರೆ. ಕೊಡಗಿನ ಕಿತ್ತಳೆಗೆ ಸಿಕ್ಕ ರಿಯಾಯಿತಿ ಕಾಫಿಗೆ ಸಿಗಲಿಲ್ಲ. ಕಿತ್ತಳೆ ಎಷ್ಟು ಉಳಿದಿದೆ ಅನ್ನುವುದು ಬೇರೆ ಮಾತು. ರೇಟು ಏರಿದ ಈ ವರ್ಷಗಳಲ್ಲಿ ಈ 8 ಲಕ್ಷದ ಗೆರೆ ಎಷ್ಟೋ ಮನೆಗಳಿಗೆ ಮುಖ್ಯ ಆಗುತ್ತದೆ. ನಿಮ್ಮ ಲೆಕ್ಕ ಬರೆಯುವವರ ಹತ್ತಿರ ಕೂತು ನೋಡಿಕೊಳ್ಳಿ.

ಇಡಬ್ಲ್ಯುಎಸ್‌ಗೂ ಆದಾಯ 8 ಲಕ್ಷಕ್ಕಿಂತ ಕಮ್ಮಿ ಇರಬೇಕು. ಆದರೆ ಅದರ ಜೊತೆ ಇನ್ನೊಂದು ಷರತ್ತಿದೆ: 5 ಎಕರೆ ಅಥವಾ ಅದಕ್ಕಿಂತ ಜಾಸ್ತಿ ಕೃಷಿ ಜಮೀನು ಇದ್ದರೆ ಸಿಗುವುದಿಲ್ಲ, ಆದಾಯ ಎಷ್ಟೇ ಕಮ್ಮಿ ಇರಲಿ. ಹುಟ್ಟುವಳಿ ಇಲ್ಲದ 6 ಎಕರೆ ಇದ್ದವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ಒಪ್ಪುತ್ತೇನೆ. ಕೂಡು ಕುಟುಂಬದ ಜಾಗದಲ್ಲಿ ನಿಮ್ಮ ಪಾಲು ಎಷ್ಟು ಅನ್ನುವುದೂ ಇಲ್ಲಿ ಬರುತ್ತದೆ. ತಹಶೀಲ್ದಾರ್ ಕಚೇರಿಗೆ ಪಹಣಿ ಹಿಡಿದುಕೊಂಡು ಮೊದಲೇ ಹೋಗಿ. ಇಡಬ್ಲ್ಯುಎಸ್, ಒಬಿಸಿ ಎರಡಕ್ಕೂ ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರದ ಸರ್ಟಿಫಿಕೇಟ್ ಕೇಳುತ್ತಾರೆ. ಹಳೆಯದನ್ನು ಲ್ಯಾಮಿನೇಟ್ ಮಾಡಿ ಇಟ್ಟುಕೊಂಡು ಪ್ರಯೋಜನ ಇಲ್ಲ.

ಪರಿಶಿಷ್ಟ ಪಂಗಡದ ಸೀಟುಗಳ ಬಗ್ಗೆ ಶಿಕ್ಷಕರಿಗೆ ಒಂದು ಮಾತು. ಯರವ, ಜೇನುಕುರುಬ, ಬೆಟ್ಟಕುರುಬ ಮಕ್ಕಳು ಪಿಯು ಮುಗಿಸಿದರೂ ಈ ಪರೀಕ್ಷೆಗಳ ಹೆಸರು ಅವರ ಕಿವಿಗೇ ಬೀಳುವುದಿಲ್ಲ. ಬೋರ್ಡ್ ಅಂಕದ ಅರ್ಹತೆಯಲ್ಲಿ ಇವರಿಗೆ ರಿಯಾಯಿತಿ ಇದೆಯಾ ಅಂತ ಆಯಾ ಸಂಸ್ಥೆಯ ಮಾಹಿತಿ ಪುಸ್ತಕದಲ್ಲಿ ನೋಡಿ. ಹಾಡಿಯ ಮಗು ತಾನಾಗಿ ಬಂದು ಕೇಳಲಿ ಅಂತ ಕಾಯಬೇಡಿ. ನೀವೇ ಕರೆದು ಹೇಳಿ.

ದುಡ್ಡಿನ ವಿಷಯ ಚುಟುಕಾಗಿ. ಐಐಎಂ ಇಂದೋರ್‌ನ 5 ವರ್ಷಕ್ಕೆ ಒಟ್ಟು 30 ಲಕ್ಷ ದಾಟುತ್ತದೆ. ದೆಹಲಿಯ ಸರ್ಕಾರಿ ಕಾಲೇಜಿನಲ್ಲಿ ವರ್ಷದ ಫೀಸ್ ಸಾವಿರದ ಲೆಕ್ಕದಲ್ಲಿ ಮುಗಿಯುತ್ತದೆ, ಹಾಸ್ಟೆಲ್ ಅಥವಾ ಪಿಜಿ ಖರ್ಚು ಬೇರೆ. ಎರಡೂ ಒಳ್ಳೆಯ ಕಡೆ. ನನ್ನನ್ನು ಕೇಳಿದರೆ, ತೋಟ ಅಡ ಇಟ್ಟು ಹೆಸರಿಲ್ಲದ ಖಾಸಗಿ ಬಿಬಿಎಗೆ ಲಕ್ಷಗಟ್ಟಲೆ ಸುರಿಯುವುದಕ್ಕಿಂತ ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲಿ ಓದಿ ಮುಂದಿನ ಪರೀಕ್ಷೆಗೆ ತಯಾರಾಗುವುದು ವಾಸಿ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಅಂತ ಯೋಜನೆ ಒಪ್ಪಿತು. ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಲ್ಲಿ ಸೀಟು ಸಿಕ್ಕಿದರೆ ಅಡಮಾನ ಇಲ್ಲದೆ, ಜಾಮೀನುದಾರ ಇಲ್ಲದೆ ಸಾಲ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿ ಇದೆ. ಬ್ಯಾಂಕಿನಲ್ಲಿ ಪಹಣಿ ಕೇಳಿದರೆ ಈ ಯೋಜನೆಯ ಹೆಸರು ಹೇಳಿ ನೋಡಿ.

ಆಮೇಲೆ ಕೆಲವರು ಪ್ರಶ್ನೆ ಕೇಳಿದರು. ಎಲ್ಲ ಬರೆಯುವುದಿಲ್ಲ, ಮೂರು ಮಾತ್ರ.

ಪೊನ್ನಂಪೇಟೆಯಿಂದ ಬಂದ ಒಬ್ಬ ತಾಯಿ ಕೇಳಿದರು: ಮಗಳನ್ನು ಕೋಚಿಂಗಿಗೆ ಬೆಂಗಳೂರಿಗೆ ಕಳಿಸಬೇಕಾ? ಪಿಯು ಬಿಡಿಸಿ ಕಳಿಸುವುದು ಬೇಡ ಅಕ್ಕ. ಗಣಿತ ಗಟ್ಟಿ ಇದ್ದರೆ ಹಳೆಯ ಪ್ರಶ್ನೆಪತ್ರಿಕೆ ಮತ್ತು ಆನ್‌ಲೈನ್ ಮಾಕ್ ಟೆಸ್ಟ್ ಸಾಕು. ಟೈಮರ್ ಇಟ್ಟುಕೊಂಡು ಬರೆಯಬೇಕು, ತಪ್ಪಿದ್ದು ಯಾಕೆ ತಪ್ಪಿತು ಅಂತ ಅದೇ ದಿನ ನೋಡಬೇಕು. ಗಣಿತ ಗಟ್ಟಿ ಇಲ್ಲ ಅಂದರೆ ಕೋಚಿಂಗಿಗಿಂತ ಮೊದಲು ಇಲ್ಲೇ ಒಬ್ಬ ಒಳ್ಳೆ ಮೇಷ್ಟ್ರು ಬೇಕು. ಪರೀಕ್ಷೆ ಕೇಂದ್ರ ಮೈಸೂರಿಗೋ ಮಂಗಳೂರಿಗೋ ಬಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಬೆಳಗಿನ ಜಾವ ಘಾಟಿ ಇಳಿದು, ವಾಂತಿ ಮಾಡಿಕೊಂಡು ಪರೀಕ್ಷೆಗೆ ಕೂರುವುದು ಬೇಡ.

ಒಬ್ಬ ಹುಡುಗ ಕೇಳಿದ: ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ತಡವರಿಸಿದರೆ? ತಡವರಿಸಿದರೆ ನಿಲ್ಲಿಸಿ, ಉಸಿರು ತಗೊಂಡು, ಸಣ್ಣ ವಾಕ್ಯದಲ್ಲಿ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವವನನ್ನು ಮಧ್ಯದಲ್ಲೇ ತಡೆದು ಬೇರೆ ಪ್ರಶ್ನೆ ಕೇಳುತ್ತಾರೆ, ಆಗ ಕಷ್ಟ ಆಗುವುದು ಅವನಿಗೆ. ದಿನಾ ಒಂದು ಇಂಗ್ಲಿಷ್ ಪೇಪರಿನ ವಾಣಿಜ್ಯ ಪುಟ ಓದು, ಓದಿದ್ದನ್ನು ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಯಾರಿಗಾದರೂ ಹೇಳು. ವಿಷಯ ಅರ್ಥವಾಗಿದ್ದರೆ ಇಂಗ್ಲಿಷ್ ಹಿಂದೆಯೇ ಬರುತ್ತದೆ.

ಕೊನೆಗೆ ಒಬ್ಬ ತಂದೆ: ಎಲ್ಲೂ ಸಿಗದಿದ್ದರೆ ಒಂದು ವರ್ಷ ಸುಮ್ನೆ ಹೋಯಿತಲ್ಲ? ಹೋಗುವುದಿಲ್ಲ. ಇಲ್ಲೇ ಬಿಕಾಂ ಅಥವಾ ಬಿಬಿಎಗೆ ಸೇರಿಸಿ. ಪದವಿ ಮುಗಿದ ಮೇಲೆ ಐಐಎಂಗಳಿಗೆ ಹೋಗಲು ಕ್ಯಾಟ್ ಪರೀಕ್ಷೆ ಇದೆ. ಅದಕ್ಕೆ ಯಾವುದೇ ಪದವಿ ನಡೆಯುತ್ತದೆ, 50% ಅಂಕ ಇದ್ದರೆ ಸಾಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ 45%. ಈಗ ಐಪಿಮ್ಯಾಟ್‌ಗೆ ಓದಿದ ಗಣಿತ, ಇಂಗ್ಲಿಷ್ ಅಲ್ಲಿಗೂ ಬೇಕಾಗುವುದೇ. ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ. ಇನ್ನು ಲೆಕ್ಕದ ಪುಸ್ತಕವನ್ನು ಈ ಜನವರಿಯ ಕೊಯ್ಲಿನಿಂದಲೇ ಮಗನ ಕೈಗೆ ಕೊಡಿ.